ನೊರೆ ಇಳಿಸುವ ಮದ್ದು

ಕೋಕ್ ಘಟಕದ ಮುಖ್ಯಸ್ಥನನ್ನು ಬೆನ್ನ ಹಿಂದೆ ಎಲ್ಲರೂ ಕನ್ನಡಿ ಸಾಹೇಬ ಎನ್ನುತ್ತಿದ್ದರು. ಕಿಟಕಿಯ ಗಾಜು, ಕಾರಿನ ಬಾಗಿಲು, ಒತ್ತಡ ತೋರಿಸುವ ಮೀಟರಿನ ಮುಖ, ಹೊಳೆಯುವುದು ಏನು ಸಿಕ್ಕರೂ ಅದರಲ್ಲಿ ಮೊದಲು ತನ್ನ ಕ್ರಾಪು ನೋಡಿಕೊಳ್ಳುವ ಅಭ್ಯಾಸ ಅವನಿಗೆ. ಮೀಟರಿನ ಮುಳ್ಳು ಎಲ್ಲಿ ನಿಂತಿದೆ ಎನ್ನುವುದು ಆಮೇಲಿನ ಮಾತು. ಮುಳ್ಳಿನ ಅರ್ಥ ಗೊತ್ತಿದ್ದವರು ಸುತ್ತ ಬೇಕಾದಷ್ಟು ಜನ ಇದ್ದುದರಿಂದ ಘಟಕ ಹೇಗೋ ನಡೆದುಕೊಂಡು ಹೋಗುತ್ತಿತ್ತು, ಹೆಸರು ಅವನಿಗೆ ಬರುತ್ತಿತ್ತು.

ಆ ಎಣ್ಣೆ ಕಾರ್ಖಾನೆಯ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದವಳು ಅವನ ನಾದಿನಿ, ಹೆಂಡತಿಯ ಒಡಹುಟ್ಟಿದ ತಂಗಿ. ಅವಳಿಗೆ ಸೂಜಿ ಮೇಡಂ ಎಂದು ಹೆಸರಿಟ್ಟಿದ್ದರು. ಕೈಯಲ್ಲಿ ಯಾವಾಗಲೂ ಎಣ್ಣೆ ಎಳೆಯುವ ಸಿರಿಂಜು ಇರುತ್ತಿದ್ದುದು ಅದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ಅವಳ ಬಾಯಿ. ದಡ್ಡರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ, ಮತ್ತು ಅವಳ ಲೆಕ್ಕದಲ್ಲಿ ದಡ್ಡರಲ್ಲದವರು ಆ ಕಾರ್ಖಾನೆಯಲ್ಲಿ ತೀರಾ ಕಡಿಮೆ. ಭಾವನಂತೂ ಆ ದಡ್ಡರ ಸಾಲಿನಲ್ಲಿ ಮುಂದಿನ ಕುರ್ಚಿಯಲ್ಲೇ ಕೂತಿದ್ದ.

ಕೋಕ್ ಘಟಕದ ಕೆಲಸ ಹೇಳುವುದಕ್ಕೆ ಸುಲಭ. ಕಚ್ಚಾ ತೈಲದಿಂದ ಪೆಟ್ರೋಲು, ಡೀಸೆಲ್ಲು ಎಲ್ಲ ತೆಗೆದ ಮೇಲೆ ತಳದಲ್ಲಿ ಡಾಂಬರಿನಂಥ ಗಸಿ ಉಳಿಯುತ್ತದೆ. ಯಾರಿಗೂ ಬೇಡವಾದ ಆ ಗಸಿಯನ್ನು ಕುಲುಮೆಯಲ್ಲಿ ಕಾಯಿಸಿ, ಮಹಡಿಯ ಮೇಲೆ ಮಹಡಿ ಕಟ್ಟಿದಷ್ಟು ಎತ್ತರದ ಉಕ್ಕಿನ ಡ್ರಮ್ಮಿಗೆ ತುಂಬುತ್ತಾರೆ. ಅಲ್ಲಿ ಅದು ತನ್ನ ಬಿಸಿಗೆ ತಾನೇ ಬೇಯುತ್ತದೆ. ಒಳಗೆ ಅಡಗಿದ್ದ ಎಣ್ಣೆ ಆವಿಯಾಗಿ ಮೇಲಿನ ಕೊಳವೆಯಿಂದ ಹೊರಟುಹೋಗುತ್ತದೆ, ಕೆಳಗೆ ಇದ್ದಿಲಿನಂಥ ಕಪ್ಪು ಕೋಕ್ ಗಟ್ಟಿಯಾಗಿ ಕೂರುತ್ತದೆ. ತೊಂದರೆ ಕೊಡುವುದು ನೊರೆ. ಬೇಯುವಾಗ ಗಸಿ ಹಾಲಿನಂತೆ ಉಕ್ಕುತ್ತದೆ. ಉಕ್ಕಿದ ನೊರೆ ಮೇಲಿನ ಕೊಳವೆಗೆ ನುಗ್ಗಿತೋ, ಅಲ್ಲೇ ಕಲ್ಲಾಗಿ ಕೂತು ಇಡೀ ಘಟಕವನ್ನು ನಿಲ್ಲಿಸುತ್ತದೆ. ಹಾಗಾಗಿ ಡ್ರಮ್ಮಿನ ಮೇಲ್ಭಾಗದಲ್ಲಿ ಒಂದಷ್ಟು ಜಾಗ ಖಾಲಿ ಬಿಡಲೇಬೇಕು. ಆ ಖಾಲಿ ಜಾಗ ಕನ್ನಡಿ ಸಾಹೇಬನ ಕಣ್ಣಿಗೆ ಬಿದ್ದ ಕಸದಂತಿತ್ತು. ಅದನ್ನೂ ತುಂಬಿಸಿದರೆ ಅಷ್ಟು ಹೆಚ್ಚು ಎಣ್ಣೆ, ಅಷ್ಟು ಹೆಚ್ಚು ಹೊಗಳಿಕೆ.

ನೊರೆ ಇಳಿಸುವ ಮದ್ದುಗಳು ಇವೆ. ಯಾವ ಮದ್ದು, ಎಷ್ಟು, ಯಾವಾಗ, ಎಲ್ಲಿಂದ ಹಾಕಬೇಕು ಎನ್ನುವುದನ್ನು ಸೂಜಿ ಮೇಡಂ ವರ್ಷಗಟ್ಟಲೆ ಪ್ರಯೋಗ ಮಾಡಿ ತಿಳಿದುಕೊಂಡಿದ್ದಳು. ಎರಡು ಸಲ ಭಾವನಿಗೆ ಹೇಳಿಯೂ ಇದ್ದಳು. "ನೋಡೋಣ, ನೋಡೋಣ," ಎಂದು ಅವನು ಎರಡು ಸಲವೂ ಅವಳ ಕನ್ನಡಕದಲ್ಲಿ ತನ್ನ ಮುಖ ನೋಡಿಕೊಂಡಿದ್ದ. ಹಿತ್ತಲ ಗಿಡ ಯಾವತ್ತು ಮದ್ದಾಗಿದೆ?

ಮದ್ದು ಕಾರಿನಲ್ಲಿ ಬಂತು. ತಂದವನು ಒಬ್ಬ ಮಾರಾಟಗಾರ. ಅವನು ಗೇಟಿನ ಹತ್ತಿರ ಇಳಿದರೆ ಸಭೆಯ ಕೋಣೆಯಲ್ಲಿ ಕೂತವರಿಗೆ ವಾಸನೆ ಬರುತ್ತಿತ್ತು, ಅಷ್ಟು ಸೆಂಟು. ಅವನಿಗೆ ಅತ್ತರು ಎಂಬ ಹೆಸರು ಬೀಳುವುದಕ್ಕೆ ಒಂದು ದಿನವೂ ಬೇಕಾಗಲಿಲ್ಲ. ಅವನು ಒಂದು ಗಾಜಿನ ಜಾಡಿಯಲ್ಲಿ ಸೋಪಿನ ನೀರು ಕದಡಿ ನೊರೆ ಎಬ್ಬಿಸಿದ, ತನ್ನ ಶೀಶೆಯಿಂದ ಒಂದು ಹನಿ ಬಿಟ್ಟ. ನೊರೆ ಕುಸಿದುಹೋಯಿತು. ಕನ್ನಡಿ ಸಾಹೇಬ ಸರ್ಕಸ್ ನೋಡಿದ ಮಗುವಿನ ಹಾಗೆ ಚಪ್ಪಾಳೆ ತಟ್ಟಿದ. ಸೋಪಿನ ನೀರಿಗೂ ಕುದಿಯುವ ಗಸಿಗೂ ಏನು ಸಂಬಂಧ ಎಂದು ಕೇಳಬೇಕು ಅಂತ ಮೇಜಿನ ಸುತ್ತ ಕೂತವರಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ಅನ್ನಿಸಿದವರು ಬಿಸ್ಕತ್ತು ತಿನ್ನುತ್ತಿದ್ದರು.

"ಸಾರ್, ಇದು ಮದ್ದಲ್ಲ, ಮಂತ್ರ," ಎಂದ ಅತ್ತರು. "ಎಷ್ಟು ಜಾಸ್ತಿ ಹಾಕ್ತೀರೋ ಅಷ್ಟು ಮೇಲಕ್ಕೆ ತುಂಬಬಹುದು."

"ಇದು ಸಿಲಿಕೋನ್ ಅಲ್ವಾ?" ಸೂಜಿ ಮೇಡಂ ಕೇಳಿದಳು.

"ಹೌದು ಮೇಡಂ, ಉತ್ತಮ ಸಿಲಿಕೋನ್. ನೀರಿನ ಹಾಗೆ ತೆಳ್ಳಗಿದೆ ನೋಡಿ."

"ತೆಳ್ಳಗಿದೆ, ಅದೇ ಕಷ್ಟ. ಡ್ರಮ್ಮಿನ ಬಿಸಿಗೆ ಇದು ಬೇಗ ಒಡೆಯುತ್ತೆ. ಒಡೆದ ಚೂರು ಆವಿ ಜೊತೆ ಎಲ್ಲಿಗೆ ಹೋಗುತ್ತೆ?"

"ಹೊರಗೆ ಹೋಗುತ್ತೆ ಮೇಡಂ."

"ಹೊರಗೆ ಅಂದ್ರೆ ಎಲ್ಲಿಗೆ? ನಿಮ್ಮ ಮನೆಗಾ?"

ಇಬ್ಬರು ಮೂವರು ನಕ್ಕರು. ಅವಳು ಬಿಡಿಸಿ ಹೇಳಿದಳು. ಆ ಚೂರುಗಳು ನಾಫ್ತಾ ಎಂಬ ತೆಳು ಎಣ್ಣೆಯ ಜೊತೆ ಪಕ್ಕದ ಶುದ್ಧಿ ಘಟಕಕ್ಕೆ ಹೋಗುತ್ತವೆ. ಅಲ್ಲಿ ಗಂಧಕ ತೆಗೆಯುವುದಕ್ಕೆಂದು ತುಂಬಿಟ್ಟ ಕ್ಯಾಟಲಿಸ್ಟ್ ಗುಳಿಗೆಗಳ ಮೇಲೆ ಕೂರುತ್ತವೆ. ಕೂತರೆ ಏಳುವುದಿಲ್ಲ. ಗುಳಿಗೆ ಸಾಯುತ್ತದೆ.

ಶುದ್ಧಿ ಘಟಕ ನೋಡಿಕೊಳ್ಳುತ್ತಿದ್ದ ಇಂಜಿನಿಯರ್ ಅಲ್ಲೇ ಮೂಲೆಯಲ್ಲಿ ಕೂತಿದ್ದ. ಅವನು ಏನು ಹೇಳಿದರೂ ಎದುರಿನವರು "ಆಂ?" ಎನ್ನಬೇಕಾಗುತ್ತಿತ್ತು, ಅದಕ್ಕೇ ಅವನಿಗೆ ಪಿಸುಮಾತು ಎಂದು ಹೆಸರು. ಆವತ್ತೂ ಅವನ ತುಟಿ ಅಲುಗಾಡಿತು. ಯಾರೂ ಆಂ ಎನ್ನಲಿಲ್ಲ.

ಕನ್ನಡಿ ಸಾಹೇಬ ಕೋಟಿನ ಗುಂಡಿ ಸರಿಮಾಡಿಕೊಂಡ. "ಮೇಡಂ, ಅದು ಪಕ್ಕದ ಘಟಕದ ವಿಷಯ. ನಾವು ನಮ್ಮ ಬೇಲಿ ಒಳಗಿನದು ಮಾತಾಡೋಣ."

ಅಲ್ಲಿಗೆ ಸುಮ್ಮನಿದ್ದು, ಆಮೇಲೆ ಮೇಲಿನವರ ಹತ್ತಿರ ಹೋಗಬಹುದಿತ್ತು. ಆದರೆ ಸೂಜಿಗೆ ಬಟ್ಟೆ ಕಂಡ ಮೇಲೆ ಚುಚ್ಚದೆ ಇರಲು ಆಗುತ್ತದೆಯೇ? "ನಮ್ಮ ಮನೆ ಕಸ ಗುಡಿಸಿ ಪಕ್ಕದ ಮನೆ ಅಂಗಳಕ್ಕೆ ಹಾಕೋದಕ್ಕೆ ಇಂಜಿನಿಯರಿಂಗ್ ಯಾಕೆ ಓದಬೇಕಿತ್ತು ಭಾವ? ಒಂದು ಪೊರಕೆ ಸಾಕಿತ್ತಲ್ಲ."

ಕಚೇರಿಯಲ್ಲಿ ಅವಳು ಅವನನ್ನು ಭಾವ ಎಂದು ಕರೆದದ್ದು ಅದೇ ಮೊದಲು. ಕೋಣೆಯೆಲ್ಲ ಗೊಳ್ಳೆಂದು ನಕ್ಕಿತು. ಬಿಸ್ಕತ್ತಿನವರು ಕೂಡ ನಕ್ಕರು. ಕನ್ನಡಿ ಸಾಹೇಬನ ಕಿವಿ ಕೆಂಪಾಯಿತು. ಆ ಗಳಿಗೆಯಿಂದ ವಿಷಯ ನೊರೆಯದ್ದಾಗಿ ಉಳಿಯಲಿಲ್ಲ, ಮಾನದ್ದಾಯಿತು. ಅವನು ಅಲ್ಲೇ, ಎಲ್ಲರೆದುರೇ, ಅತ್ತರಿನ ಕೈ ಕುಲುಕಿ ಮದ್ದು ತರಿಸುವುದಕ್ಕೆ ಒಪ್ಪಿಬಿಟ್ಟ.

ಸಂಜೆ ಅಕ್ಕ ತಂಗಿಯ ಮನೆಗೆ ಬಂದಳು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಳು.

"ಎಲ್ಲರೆದುರು ಪೊರಕೆ ಅಂದೆಯಂತೆ."

"ಅವರು ಮಾಡ್ತಿರೋದು ತಪ್ಪು ಅಕ್ಕ. ನಾಳೆ ಅನುಭವಿಸಬೇಕಾಗುತ್ತೆ."

"ತಪ್ಪು ಅಂತ ಅಷ್ಟೇ ಹೇಳಬಹುದಿತ್ತು. ನೀನು ಪೊರಕೆ ಅಂದೆ. ಅವರ ಬುದ್ಧಿ ಎಷ್ಟು ಅಂತ ನನಗೆ ಗೊತ್ತಿಲ್ವಾ? ದಿನಾ ಅವರ ಜೊತೆ ಸಂಸಾರ ಮಾಡೋಳು ನಾನು. ನೀನು ಗೆಲ್ಲೋದಕ್ಕೆ ಮಾತಾಡ್ತೀಯ ಕಣೇ, ಕೇಳಿಸೋದಕ್ಕಲ್ಲ."

"ಕಿವಿ ಇದ್ದೋರಿಗೆ ತಾನೇ ಕೇಳಿಸೋದು?"

ಅಕ್ಕ ಹೊರಟುಹೋದಳು. ಆಮೇಲೆ ಅವಳು ಆ ಕಡೆ ತಲೆ ಹಾಕಲಿಲ್ಲ. ಒಂದೇ ಕಾಲೋನಿ, ನಡುವೆ ಒಂದು ರಸ್ತೆ. ತರಕಾರಿ ಅಂಗಡಿಯಲ್ಲಿ ಎದುರಾದರೆ ಇಬ್ಬರೂ ಟೊಮೆಟೊವನ್ನು ಬಹಳ ಹೊತ್ತು ಪರೀಕ್ಷೆ ಮಾಡುತ್ತಿದ್ದರು.

ಮದ್ದು ಕೆಲಸ ಮಾಡಿತು. ಅದೇ ಎಲ್ಲಕ್ಕಿಂತ ಹೊಟ್ಟೆ ಉರಿಸುವ ಸಂಗತಿ. ಕನ್ನಡಿ ಸಾಹೇಬ ಡ್ರಮ್ಮು ತುಂಬಲು ಶುರುವಾದಾಗಿಂದ ಕೊನೆಯವರೆಗೂ ಧಾರಾಳವಾಗಿ ಸುರಿಸಿದ. ನೊರೆ ತಲೆ ಎತ್ತಲಿಲ್ಲ. ಡ್ರಮ್ಮು ಕುತ್ತಿಗೆಯವರೆಗೆ ತುಂಬಿತು, ಎಣ್ಣೆ ಹೆಚ್ಚು ಬಂತು, ಮುಖ್ಯ ಕಚೇರಿಯಿಂದ ಅಭಿನಂದನೆ ಬಂತು. ಕಾರ್ಖಾನೆಯ ಪತ್ರಿಕೆಯಲ್ಲಿ ಡ್ರಮ್ಮಿಗೆ ಒರಗಿ ನಿಂತ ಅವನ ಫೋಟೋ ಬಂತು, ಅದರಲ್ಲಿ ಡ್ರಮ್ಮು ಸ್ವಲ್ಪವೇ ಕಾಣುತ್ತಿತ್ತು. ಹೊಗಳಿದಷ್ಟೂ ಅವನು ಮದ್ದು ಹೆಚ್ಚಿಸಿದ. ಅತ್ತರಿಗೆ ಇನ್ನೇನು ಬೇಕು? ಪೀಪಾಯಿಗಳ ಮೇಲೆ ಪೀಪಾಯಿ ಇಳಿದವು. ಡ್ರಮ್ಮಿನ ಮೇಸ್ತ್ರಿ ಒಮ್ಮೆ ಮೆಲ್ಲಗೆ, "ಸಾರ್, ನೊರೆ ಇಲ್ಲದಾಗಲೂ ಯಾಕೆ ಸುರೀಬೇಕು?" ಎಂದದ್ದಕ್ಕೆ, "ರೋಗ ಬರೋ ಮೊದಲೇ ಔಷಧಿ ತಗೋಬೇಕಯ್ಯಾ," ಎಂದು ಗದರಿದ.

ಮಳೆಗಾಲ ಮುಗಿಯುವ ಹೊತ್ತಿಗೆ ಶುದ್ಧಿ ಘಟಕ ಏದುಸಿರು ಬಿಡತೊಡಗಿತು. ಒಳಗೆ ಹೋದ ಗಂಧಕ ಹಾಗೇ ಹೊರಗೆ ಬರುತ್ತಿತ್ತು. ಪಿಸುಮಾತು ಬಿಸಿ ಏರಿಸಿದ, ಇನ್ನೂ ಏರಿಸಿದ, ಏನೂ ಪ್ರಯೋಜನವಾಗಲಿಲ್ಲ. ವರ್ಷಗಟ್ಟಲೆ ಬಾಳಬೇಕಿದ್ದ ಗುಳಿಗೆಗಳು ಅರ್ಧ ಆಯುಷ್ಯಕ್ಕೇ ಸತ್ತವು. ಘಟಕ ನಿಂತಿತು.

ಈಗ ಯಾರನ್ನಾದರೂ ಹಿಡಿಯಬೇಕಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಪಿಸುಮಾತು ಬಿಸಿ ಏರಿಸಿದ್ದರಿಂದಲೇ ಗುಳಿಗೆ ಸುಟ್ಟುಹೋಯಿತು ಎಂದು ಕನ್ನಡಿ ಸಾಹೇಬ ಸಭೆಯಲ್ಲಿ ಹೇಳಿದ. ಹೇಳುವಾಗ ಗಂಟಲು ಗದ್ಗದ ಮಾಡಿಕೊಂಡ ಕೂಡ. ವಿಚಾರಣೆ ಮುಗಿಯುವವರೆಗೆ ಪಿಸುಮಾತು ಮನೆಯಲ್ಲಿರಬೇಕು ಎಂದಾಯಿತು.

ಸೂಜಿ ಮೇಡಂ ಅವನ ಕೋಣೆಗೆ ಹೋದಾಗ ಅವನು ಮೇಜಿನ ಮೇಲಿದ್ದ ಚಹಾದ ಲೋಟ, ಮಗಳು ಬರೆದ ಚಿತ್ರ, ಒಂದು ಸ್ವೆಟರು ಎಲ್ಲ ಚೀಲಕ್ಕೆ ತುಂಬುತ್ತಿದ್ದ.

"ನೀವು ಯಾಕೆ ಬಾಯಿ ಬಿಡಲಿಲ್ಲ?" ಅವಳಿಗೆ ಸಿಟ್ಟು ಬಂದಿತ್ತು. "ಅವರು ಬಾಯಿಗೆ ಬಂದ ಹಾಗೆ ಹೇಳ್ತಿದ್ರೆ ನೀವು ಕಂಬದ ಥರ ನಿಂತಿದ್ರಂತಲ್ಲ!"

ಪಿಸುಮಾತು ಚೀಲದ ಜಿಪ್ಪು ಎಳೆದ. "ನಾನು ಬಾಯಿ ಬಿಟ್ಟರೆ ಯಾರಿಗೂ ಕೇಳಿಸಲ್ಲ ಮೇಡಂ. ನೀವು ಬಾಯಿ ಬಿಟ್ಟರೆ ಎಲ್ಲರಿಗೂ ಕೇಳಿಸುತ್ತೆ, ಆದರೆ ನಗುವಷ್ಟೇ ಜ್ಞಾಪಕ ಇರುತ್ತೆ. ಆವತ್ತು ನೀವು ಸಿಲಿಕೋನ್ ಬಗ್ಗೆ ಹೇಳಿದ್ದು ಒಬ್ಬರಿಗಾದರೂ ನೆನಪಿದೆಯಾ, ಕೇಳಿ ನೋಡಿ. ಪೊರಕೆ ಎಲ್ಲರಿಗೂ ನೆನಪಿದೆ."

ಅದೊಂದು ಸಲ ಅವನ ಪ್ರತಿ ಮಾತೂ ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಅವಳು ಪ್ರಯೋಗಾಲಯಕ್ಕೆ ಹಿಂತಿರುಗಿ, ಸತ್ತ ಗುಳಿಗೆಗಳನ್ನು ಅವು ತುಂಬಿದ್ದ ರಿಯಾಕ್ಟರಿನ ಮೇಲಿನಿಂದ, ನಡುವಿನಿಂದ, ತಳದಿಂದ ಬೇರೆ ಬೇರೆಯಾಗಿ ತರಿಸಿಕೊಂಡು ಕೆಲಸಕ್ಕೆ ಕೂತಳು.

ವಿಚಾರಣೆಗೆ ಮುಖ್ಯ ಕಚೇರಿಯಿಂದ ಮೂವರು ಬಂದರು. ಒಬ್ಬರು ಊಟ ಎಷ್ಟು ಗಂಟೆಗೆ ಎಂದು ಕೇಳಿಕೊಂಡು ಬಂದವರು. ಇನ್ನೊಬ್ಬರು ಯಾರು ಏನು ಹೇಳಿದರೂ ತಲೆಯಾಡಿಸುವವರು, ಇಬ್ಬರು ಒಂದಕ್ಕೊಂದು ವಿರುದ್ಧ ಹೇಳಿದರೆ ಇಬ್ಬರಿಗೂ ಆಡಿಸುವವರು. ಮೂರನೆಯವರು ಒಬ್ಬ ವಯಸ್ಸಾದ ಹೆಂಗಸು, ನಿವೃತ್ತ ಇಂಜಿನಿಯರ್. ಅವರೇ ಅಧ್ಯಕ್ಷೆ. ಎದುರಿಗಿಟ್ಟ ಬಿಸ್ಕತ್ತಿನ ತಟ್ಟೆಯನ್ನು ಅವರು ಪಕ್ಕಕ್ಕೆ ಸರಿಸಿದಾಗಲೇ ಕನ್ನಡಿ ಸಾಹೇಬನ ಮುಖ ಸ್ವಲ್ಪ ಬಾಡಿತು.

ಅವನು ಹೇಳಬೇಕಾದ್ದನ್ನೆಲ್ಲ ಹೇಳಿದ ಮೇಲೆ ಸೂಜಿ ಮೇಡಂ ಎಲ್ಲರನ್ನೂ ಪ್ರಯೋಗಾಲಯಕ್ಕೆ ಕರೆದುಕೊಂಡು ಹೋದಳು. ಹೊಗೆ ಎಳೆಯುವ ಗಾಜಿನ ಗೂಡಿನೊಳಗೆ ಎರಡು ಪುಟ್ಟ ಪಿಂಗಾಣಿ ಬಟ್ಟಲು ಇಟ್ಟಿದ್ದಳು.

"ಮೊದಲನೇದರಲ್ಲಿ ಮದ್ದು ಬೆರೆಯದ ನಾಫ್ತಾ ಇದೆ," ಎಂದಳು. "ಎರಡನೇದರಲ್ಲಿ ಬರೀ ಮದ್ದಿನದ್ದೇ ಆವಿ. ಆ ತೆಳು ಮದ್ದನ್ನ ಡ್ರಮ್ಮಿನಷ್ಟೇ ಬಿಸಿ ಮಾಡಿ, ಎದ್ದ ಆವಿಯನ್ನ ತಣಿಸಿ ಹಿಡಿದಿದೀನಿ. ಡ್ರಮ್ಮಿನಿಂದ ಇದು ಒಮ್ಮೆಗೇ ಇಷ್ಟು ಬರಲ್ಲ. ಚೂರು ಚೂರಾಗಿ, ದಿನಾ ಬರುತ್ತೆ."

ಮೊದಲನೆಯದಕ್ಕೆ ಬೆಂಕಿ ತಾಗಿಸಿದಳು. ಹಳದಿ ಉರಿ ಎದ್ದು ಆರಿತು. ಬಟ್ಟಲು ಬರಿದಾಗಿತ್ತು. ಎರಡನೆಯದು ಉರಿಯುವಾಗ ಬಿಳಿ ಹೊಗೆ ಎದ್ದಿತು. ಆರಿದ ಮೇಲೆ ಬಟ್ಟಲಿನ ಅಂಚಿಗೆ, ಗೂಡಿನ ಗಾಜಿಗೆ, ಮುಖಕ್ಕೆ ಹಚ್ಚುವ ಪೌಡರಿನಂಥ ಬಿಳಿ ಪುಡಿ ಕೂತಿತ್ತು. ಊಟದವರು ಕೂಡ ಮುಂದೆ ಬಗ್ಗಿ ನೋಡಿದರು.

"ಏನಮ್ಮ ಇದು?" ಅಧ್ಯಕ್ಷೆ ಕೇಳಿದರು.

"ಮರಳು. ತುಂಬಾ ನುಣ್ಣಗಿನ ಮರಳು. ಸಿಲಿಕೋನ್ ಸುಟ್ಟರೆ ಅದೇ ಆಗೋದು. ಸತ್ತ ಗುಳಿಗೆಗಳಲ್ಲೂ ಈ ಮರಳಿನ ಮೂಲವಸ್ತು ಸಿಲಿಕಾನ್ ಸಿಕ್ಕಿದೆ. ಎಣ್ಣೆ ಒಳಗೆ ಬರೋ ಮೇಲಿನ ಪದರದಲ್ಲಿ ತುಂಬಾ, ನಡುವೆ ಕಡಿಮೆ, ತಳದಲ್ಲಿ ಇನ್ನೂ ಕಡಿಮೆ. ಬಿಸಿಗೆ ಸುಟ್ಟಿದ್ರೆ ಹೀಗೆ ಇರ್ತಿರಲಿಲ್ಲ."

ಕನ್ನಡಿ ಸಾಹೇಬ ಗೂಡಿನ ಗಾಜಿನತ್ತ ನೋಡಿದ. ಪುಡಿ ಮೆತ್ತಿದ್ದರಿಂದ ಅವನ ಮುಖ ಅದರಲ್ಲಿ ಕಾಣಲಿಲ್ಲ. "ಹಾಗಾದ್ರೆ ನೊರೆ ಉಕ್ಕಲಿ, ಘಟಕ ನಿಲ್ಲಲಿ ಅಂತಾನಾ ನಿನ್ನ ಮಾತು?" ಎಂದ. ಮೇಡಂ ಹೋಗಿ ನೀನು ಬಂದಿತ್ತು.

ನಾಲಿಗೆಯ ತುದಿಗೆ ಮೂರು ನಾಲ್ಕು ಮಾತು ಬಂದು ಸಾಲುಗಟ್ಟಿ ನಿಂತವು, ಒಂದಕ್ಕಿಂತ ಒಂದು ಚೂಪು. ಅವಳು ಅವನ್ನು ಕಹಿ ಕಷಾಯದ ಹಾಗೆ ನುಂಗಿಕೊಂಡಳು.

"ಇಲ್ಲ. ಮದ್ದು ಬೇಕೇ ಬೇಕು," ಎಂದಳು. "ಆದರೆ ಇದಕ್ಕಿಂತ ಮಂದವಾಗಿರೋದು, ಬಿಸಿಗೆ ನಿಧಾನವಾಗಿ ಒಡೆಯೋದು ಬೇಕು. ಮೊದಲಿಂದ ಸುರೀಬಾರದು. ನೊರೆ ಏಳೋದು ಡ್ರಮ್ಮು ತುಂಬ್ತಾ ಬಂದಾಗ, ಆಗ ಮಾತ್ರ. ಆವಿ ಹೋಗೋ ಕೊಳವೆಯಿಂದ ದೂರದ ಮೂಲೆಯಲ್ಲಿ ಬಿಡಬೇಕು, ಭಾರವಾದ ಎಣ್ಣೆಯಲ್ಲಿ ಕಲಸಿ ಬಿಡಬೇಕು. ಆಗ ಅದು ಆವಿ ಜೊತೆ ಹಾರಿಹೋಗದೆ ಕೆಳಗೆ ನೊರೆ ಮೇಲೆ ಬೀಳುತ್ತೆ. ಈಗ ಹಾಕ್ತಿರೋದರ ಕಾಲು ಭಾಗ ಸಾಕು."

ತಲೆಯಾಡಿಸುವವರು ತಲೆಯಾಡಿಸಿದರು. ಅಧ್ಯಕ್ಷೆ ಆಡಿಸಲಿಲ್ಲ. "ಹೇಳೋದು ಆಯ್ತು. ಮಾಡಿ ತೋರಿಸ್ತೀಯಾ?" ಎಂದರು.

ಅತ್ತರನ್ನೂ ಕರೆಸಿ ಕೇಳೋಣ ಎಂದರೆ ಅವನ ಫೋನು ಶುದ್ಧಿ ಘಟಕ ನಿಂತ ದಿನದಿಂದಲೇ ಸತ್ತಿತ್ತು. ಅವನು ಇನ್ನೊಂದು ಕಾರ್ಖಾನೆಯಲ್ಲಿ ಸೋಪಿನ ನೀರು ಕದಡುತ್ತಿದ್ದಾನೆ ಎಂದು ಆಮೇಲೆ ಸುದ್ದಿ ಬಂತು.

ಶುದ್ಧಿ ಘಟಕಕ್ಕೆ ಹೊಸ ಗುಳಿಗೆ ತುಂಬಿಸಿ, ಮಂದವಾದ ಮದ್ದು ತರಿಸಿ, ಪರೀಕ್ಷೆಗೆ ಅಣಿಯಾದರು. ಆವತ್ತು ಬೆಳಿಗ್ಗೆ ನಿಯಂತ್ರಣ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಿಸುಮಾತನ್ನು ಅಧ್ಯಕ್ಷೆಯೇ ಕರೆಸಿದ್ದರು. ಡ್ರಮ್ಮಿನ ಮೇಸ್ತ್ರಿ ಮದ್ದಿನ ಪಂಪಿನ ಹತ್ತಿರ ವೈರ್‌ಲೆಸ್ ಹಿಡಿದು ನಿಂತಿದ್ದ. ನೊರೆ ಎಲ್ಲಿದೆ ಎಂದು ತೋರಿಸುವ ಗೆರೆ ಪರದೆಯ ಮೇಲೆ ಮೆಲ್ಲಮೆಲ್ಲನೆ ಮೇಲೇರುತ್ತಿತ್ತು.

"ಹಾಕಿ, ಹಾಕಿ!" ಕನ್ನಡಿ ಸಾಹೇಬನಿಗೆ ತಡೆಯಲಾಗಲಿಲ್ಲ. "ಉಕ್ಕುತ್ತೆ! ಕೊಳವೆ ಕಟ್ಟುತ್ತೆ!"

"ಇನ್ನೂ ಇಲ್ಲ," ಎಂದಳು ಸೂಜಿ ಮೇಡಂ.

"ಆಮೇಲೆ ನನ್ನ ತಲೆಗೆ ಕಟ್ಟಬೇಡಿ!"

"ಸ್ವಲ್ಪ ಸುಮ್ಮನಿರ್ತೀರಾ?" ಎಂದರು ಅಧ್ಯಕ್ಷೆ, ಅವನ ಕಡೆ ತಿರುಗಿಯೂ ನೋಡದೆ. ಅವನು ಕೂತ. ಕೂತಲ್ಲೇ ಕಾಲು ಕುಣಿಸತೊಡಗಿದ.

ಗೆರೆ ಏರಿತು. ಸೂಜಿ ಮೇಡಂ ಪರದೆಗೆ ಇನ್ನಷ್ಟು ಹತ್ತಿರ ಸರಿದಳು. ಗಾಜಿನ ಜಾಡಿಯಲ್ಲಿ ಸಾವಿರ ಸಲ ನೋಡಿದ್ದರೂ ಈ ಉಕ್ಕಿನ ಗೋಪುರದೊಳಗೆ ಅದೇ ಆಗುತ್ತದೆಂದು ಯಾರು ಬರೆದುಕೊಟ್ಟಿದ್ದರು? ಸೋತರೆ ಇವರೆಲ್ಲ ಅವಳನ್ನು ನೋಡಿ ಎಷ್ಟು ವರ್ಷ ನಗುತ್ತಾರೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಅವರ ಜಾಗದಲ್ಲಿದ್ದರೆ ಅವಳೂ ನಗುತ್ತಿದ್ದಳು.

"ಈಗ," ಎಂದಳು.

ಮೇಸ್ತ್ರಿ ಪಂಪು ಹಾಕಿದ. ಗೆರೆ ಇನ್ನೂ ಒಂದಿಷ್ಟು ಏರಿತು. ಕನ್ನಡಿ ಸಾಹೇಬ ಕುರ್ಚಿಯಿಂದ ಅರ್ಧ ಎದ್ದ. ಗೆರೆ ನಿಂತಿತು. ಅಲ್ಲೇ ಒಂದು ಸಲ ನಡುಗಿ, ಬಾಗಿ, ಇಳಿಯತೊಡಗಿತು. ಡ್ರಮ್ಮು ಅವನು ತುಂಬಿಸುತ್ತಿದ್ದಷ್ಟೇ ಎತ್ತರಕ್ಕೆ ತುಂಬಿತು. ಆಮೇಲಿನ ವಾರಗಳಲ್ಲಿ ನಾಫ್ತಾದಲ್ಲಿ ಸಿಲಿಕಾನ್ ಹುಡುಕಿದರೆ ಹೆಸರಿಗೆ ಮಾತ್ರ ಸಿಕ್ಕಿತು. ಪಿಸುಮಾತು ತನ್ನ ಕೋಣೆಗೆ ಹಿಂತಿರುಗಿ ಮಗಳ ಚಿತ್ರವನ್ನು ಗೋಡೆಗೆ ಅಂಟಿಸಿದ.

ತಪ್ಪು ಮಾಡಿದವನಿಗೆ ಶಿಕ್ಷೆಯಾಯಿತೇ ಎಂದು ಕೇಳುವವರು ಯಾವ ಕಚೇರಿಯಲ್ಲೂ ಕೆಲಸ ಮಾಡಿದವರಲ್ಲ. ಕನ್ನಡಿ ಸಾಹೇಬನಿಗೆ ಬಡ್ತಿಯಾಯಿತು. ಮುಖ್ಯ ಕಚೇರಿಯಲ್ಲಿ ರಾಸಾಯನಿಕ ಮದ್ದುಗಳ ಸಲಹೆಗಾರ ಎಂಬ ಹುದ್ದೆ ಹೊಸದಾಗಿ ಹುಟ್ಟಿಸಿ ಅವನನ್ನು ಅದರ ಮೇಲೆ ಕೂರಿಸಿದರು. ಅಧ್ಯಕ್ಷೆ ಹೊರಡುವಾಗ ಸೂಜಿ ಮೇಡಂನ ಮುಖ ನೋಡಿ, "ಅಲ್ಲಿ ತಿರುಗಿಸೋದಕ್ಕೆ ಒಂದು ವಾಲ್ವೂ ಇಲ್ಲಮ್ಮ. ಅದೇ ಸಮಾಧಾನ," ಎಂದರಂತೆ.

ಊರು ಬಿಡಲು ಸಾಮಾನು ಕಟ್ಟುವ ದಿನ ಅಕ್ಕ ತಾನಾಗಿಯೇ ಬಂದಳು. ಈ ಸಲ ಚಪ್ಪಲಿ ಬಿಟ್ಟು ಒಳಗೆ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು.

"ಕೋಪಾನಾ?" ಎಂದಳು ತಂಗಿ, ಚಹಾ ಸೋಸುತ್ತ.

"ಇತ್ತು. ಈಗ ಪ್ಯಾಕಿಂಗ್ ಕೆಲಸದಲ್ಲಿ ಅದಕ್ಕೆ ಪುರುಸೊತ್ತಿಲ್ಲ. ಏಳು ಕೋಟು ಕಣೇ ಅವರದ್ದು. ಏಳು! ಎಣ್ಣೆ ಕಾರ್ಖಾನೆಗೆ ಹೋಗೋ ಗಂಡಸಿಗೆ ಏಳು ಕೋಟು ಯಾಕೆ, ಹೇಳು?" ಅಕ್ಕ ತಾನೇ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಪಾಪ, ಪರೀಕ್ಷೆ ದಿನ ಮನೆಗೆ ಬಂದು ಇವರು ಊಟಾನೇ ಮಾಡಲಿಲ್ಲ," ಎಂದಳು.

ಸೂಜಿ ಮೇಡಂ ಅಕ್ಕನ ಲೋಟಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದಳು.

ಅವರು ಹೋದ ಮೇಲೆ ಅಕ್ಕನ ಫೋನು ವಾರಕ್ಕೊಮ್ಮೆ ಬರತೊಡಗಿತು. ಹೊಸ ಊರಿನ ನೀರು, ಪಕ್ಕದ ಮನೆಯವರ ನಾಯಿ, ಎಲ್ಲ ಆದ ಮೇಲೆ ಅಕ್ಕ ಇದ್ದಕ್ಕಿದ್ದಂತೆ, ಮದ್ದನ್ನು ಭಾರದ ಎಣ್ಣೆಯಲ್ಲೇ ಯಾಕೆ ಕಲಸಬೇಕು, ದೂರದ ಮೂಲೆಯಲ್ಲೇ ಯಾಕೆ ಬಿಡಬೇಕು ಎಂದು ಕೇಳುತ್ತಿದ್ದಳು. ಬೇಜಾರಿಗೆ ಕೇಳುತ್ತಾಳೆ ಎಂದುಕೊಂಡು ತಂಗಿ ತಾಳ್ಮೆಯಿಂದ ಹೇಳುತ್ತಿದ್ದಳು.

ಒಂದು ಮಧ್ಯಾಹ್ನ ಪಿಸುಮಾತು ಪ್ರಯೋಗಾಲಯಕ್ಕೆ ಓಡಿಬಂದ. ಎಲ್ಲ ಕಾರ್ಖಾನೆಗಳ ಇಂಜಿನಿಯರುಗಳ ಸಮ್ಮೇಳನಕ್ಕೆ ಹೋಗಿ ಬಂದಿದ್ದ. ಬೆವರಿನಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿತ್ತು.

"ಮೇಡಂ, ನಿಮ್ಮ ಭಾವ ಭಾಷಣ ಮಾಡಿದ್ರು. ನಿಮ್ಮ ವಿಧಾನವನ್ನ ಪೂರ್ತಿ ತಮ್ಮದೇ ಅಂತ ಹೇಳಿಕೊಂಡ್ರು! ಮರಳಿನ ಬಟ್ಟಲು ಕೂಡ ತಂದಿದ್ರು! ನಿಮ್ಮ ಹೆಸರು ಒಂದು ಸಲಾನೂ ಎತ್ತಲಿಲ್ಲ!"

ಅವಳು ಸಿರಿಂಜನ್ನು ಕೆಳಗಿಟ್ಟಳು. "ಪ್ರಮಾಣ ಎಷ್ಟು ಅಂದ್ರು?"

"ಕಾಲು ಭಾಗ ಅಂದ್ರು."

"ಯಾವಾಗ ಹಾಕಬೇಕು ಅಂದ್ರು?"

"ನೊರೆ ಎದ್ದ ಮೇಲೆ, ದೂರದ ಮೂಲೆಯಿಂದ ಅಂತ. ಒಂದೂ ತಪ್ಪಿಲ್ಲ ಮೇಡಂ, ಅದೇ ಆಶ್ಚರ್ಯ."

"ಏನಾಶ್ಚರ್ಯ? ನಮ್ಮಕ್ಕ ಬಾಯಿಪಾಠ ಮಾಡಿಸಿದಾಳೆ," ಎಂದು ಸೂಜಿ ಮೇಡಂ ಗಟ್ಟಿಯಾಗಿ ನಕ್ಕಳು. "ಸದ್ಯ, ಇನ್ನು ಬೇರೆ ಕಾರ್ಖಾನೆಯವರ ಗುಳಿಗೆಗಳಾದರೂ ಉಳ್ಕೊಳ್ಳುತ್ತವೆ. ಚಪ್ಪಾಳೆ ಅವರೇ ಇಟ್ಕೊಳ್ಳಲಿ ಬಿಡಿ, ಅದನ್ನು ಬಿಟ್ಟರೆ ಇನ್ನೇನಿದೆ ಪಾಪ ಅವರ ಹತ್ತಿರ?"

ಪಿಸುಮಾತಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಮೇಲಿನವರಿಗೆ ಹೇಳಲೇಬೇಕು, ಇದು ಕಳ್ಳತನ ಎಂದು ಇನ್ನೂ ಏನೇನೋ ಹೇಳುತ್ತಿದ್ದ. ಅಷ್ಟರಲ್ಲಿ ಮೇಸ್ತ್ರಿಯ ಕರೆ ಬಂತು, ಡ್ರಮ್ಮು ತುಂಬುತ್ತ ಬಂದಿದೆ ಎಂದು. ಇಬ್ಬರೂ ಹೆಲ್ಮೆಟ್ ತೆಗೆದುಕೊಂಡು ಹೊರಗಿನ ಬಿಸಿಲಿಗೆ ಇಳಿದರು.